ಮಗಳು ಏನು ಮಾಡುತ್ತಿದ್ದಾಳೆ?



ಈ ಸಲದ ಯುಗಾದಿ ಊಟದ ಸಾಲಿನಲ್ಲಿ ನಿಮ್ಮಲ್ಲಿ ನಾಲ್ಕೈದು ಮಂದಿ ಕೇಳಿದಿರಿ, "ಡಾಕ್ಟ್ರೇ, ಮಗಳು ಈಗ ಎಲ್ಲಿ ಕೆಲಸದಲ್ಲಿದಾಳೆ?" "ಸ್ವಲ್ಪ ದಿನ ಬಿಡುವು ತಗೊಂಡಿದಾಳೆ" ಎಂದು ಹೇಳಿ ಪುಳಿಯೋಗರೆಯತ್ತ ತಿರುಗಿಬಿಟ್ಟೆ. ಅದು ಸುಳ್ಳು. ಅವಳು ಸಾಫ್ಟ್‌ವೇರ್ ಕೆಲಸ ಬಿಟ್ಟು ಆಗಲೇ ಏಳು ತಿಂಗಳಾಗಿತ್ತು. ಹಾಡು ಕಟ್ಟುವುದು, ಹಾಡುವುದು, ಅದರಲ್ಲೇ ಹೊಟ್ಟೆ ಹೊರೆಯುವುದು ಈಗ ಅವಳ ಉದ್ಯೋಗ.

ನನ್ನ ಕಾಲದವರ ಲೆಕ್ಕ ಬೇರೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಹಾಸ್ಟೆಲಿನ ಟೇಪ್‌ರೆಕಾರ್ಡರಿನಲ್ಲಿ ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಇವರದೇ ಕ್ಯಾಸೆಟ್ಟು. ಅಶ್ವಥ್ ವರ್ಷಗಟ್ಟಲೆ ಬೆಂಗಳೂರಿನ ಐ.ಟಿ.ಐ.ನಲ್ಲಿ ನೌಕರಿ ಮಾಡಿಕೊಂಡೇ ಹಾಡಿದರು. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಸುಬ್ಬಣ್ಣ ವಕೀಲರಾಗಿದ್ದರು. ಅಂಥವರೇ ಕೈಯಲ್ಲಿ ಇನ್ನೊಂದು ಕಸುಬು ಇಟ್ಟುಕೊಂಡಿದ್ದರಲ್ಲ ಎಂದು ಮಗಳಿಗೆ ಹೇಳಿದೆ. ಅವಳು ರಘು ದೀಕ್ಷಿತರನ್ನು ಮುಂದಿಟ್ಟಳು: ಮೈಸೂರು ವಿಶ್ವವಿದ್ಯಾನಿಲಯದ ಮೈಕ್ರೋಬಯಾಲಜಿ ಚಿನ್ನದ ಪದಕ, ಬೆಲ್ಜಿಯಂನಲ್ಲಿ ಕೆಲಸ, ಅದನ್ನು ಬಿಟ್ಟು ಹಾಡು.

"ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅಲ್ಲೀವರೆಗೆ ಎಷ್ಟು ಕಂಪನಿ ಬಾಗಿಲು ತಟ್ಟಿದರೋ!"

"ಗೊತ್ತು ಅಪ್ಪಾ. ಆದ್ರೂ ಬಂತಲ್ಲ?"

ನಮ್ಮ ಸಿಯಾಟಲಿನ ಮ್ಯಾಕ್ಲಮೋರ್, ರಯಾನ್ ಲೂಯಿಸ್ ಜೋಡಿ 2012ರಲ್ಲಿ ತಾವೇ ಹೊರತಂದ ಆಲ್ಬಂ 2014ರಲ್ಲಿ ಗ್ರ್ಯಾಮಿ ಗೆದ್ದದ್ದನ್ನೂ ಹೇಳಿದಳು. ಅದು ಲಾಟರಿ. ನಾನು ವೈದ್ಯ, ಸರಾಸರಿ ನೋಡುವವನು. ವಾರಕ್ಕೆ ಮೂರು ದಿನ ಮಕ್ಕಳಿಗೆ ಗಿಟಾರ್ ಪಾಠ, ಸಿಕ್ಕಿದರೆ ಮದುವೆ ಮನೆ, ಇಂಟರ್ನೆಟ್ಟಿನಲ್ಲಿ ಒಂದು ಸಲ ಹಾಡು ಕೇಳಿದರೆ ಒಂದು ಸೆಂಟೂ ಇಲ್ಲ. ನಾನು ಗಮನಿಸುವುದು ಎರಡನ್ನೇ: ಅವಳ ಎಡ ಮಣಿಕಟ್ಟಿನ ನೋವು, ಮತ್ತು 26 ತುಂಬುವ ತಾರೀಖು. ಆಮೇಲೆ ನನ್ನ ಇನ್ಶೂರೆನ್ಸಿನಲ್ಲಿ ಅವಳಿಗೆ ಜಾಗವಿಲ್ಲ.

ಮೇ ತಿಂಗಳ ಒಂದು ಶನಿವಾರ, ಹೇಳದೆ ಕೇಳದೆ ಪೈಕ್ ಪ್ಲೇಸ್ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಹಾಡುವವರು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಸಂಗೀತದ ಚಿಹ್ನೆ ಬರೆದಿರುತ್ತಾರೆ. ಅಂಥ ಒಂದು ಚಿಹ್ನೆಯ ಬಳಿ ನನ್ನ ಮಗಳು, ಕಾಲ ಬುಡದಲ್ಲಿ ತೆರೆದ ಗಿಟಾರ್ ಪೆಟ್ಟಿಗೆ. 'ಭಿಕ್ಷೆ' ಎಂಬ ಮಾತು ಮನಸ್ಸಿಗೆ ಬಂದೇ ಬಂತು, ಮುಚ್ಚಿಡುವುದಿಲ್ಲ. ಕಂಬದ ಮರೆಯಲ್ಲಿ ಮುಕ್ಕಾಲು ಗಂಟೆ ನಿಂತೆ. ಕನ್ನಡದಲ್ಲೇ ಒಂದು ಹಾಡಿದಳು. ಕೈಯಲ್ಲಿ ಹೂಗುಚ್ಛ ಹಿಡಿದ ಅಜ್ಜಿಯೊಬ್ಬರು ಒಂದಕ್ಷರ ತಿಳಿಯದಿದ್ದರೂ ಕೊನೆಯವರೆಗೆ ಕದಲಲಿಲ್ಲ. ನಾನು ಪರ್ಸಿಗೆ ಕೈ ಹಾಕಿ, ಹಾಗೇ ವಾಪಸು ತೆಗೆದೆ. ಎಷ್ಟು ಹಾಕಬೇಕೆಂದು ತೋಚಲಿಲ್ಲ.

ಮೊನ್ನೆ ರಾಜ್ಯೋತ್ಸವಕ್ಕೆ ಹಾಡುತ್ತೀಯಾ ಎಂದು ಸಮಿತಿಯ ಪರವಾಗಿ ನಾನೇ ಕೇಳಿದೆ.

"ಎಷ್ಟು ಕೊಡ್ತೀರಾ?"

"ನಮ್ಮ ಸಂಘ ಅಲ್ವೇನೇ. ಶಾಲು ಹೊದಿಸ್ತೀವಿ."

"ಅಡುಗೆಯವರೂ ನಮ್ಮವರೇ. ಅವರಿಗೂ ಶಾಲು ಹೊದಿಸಿ ಕಳಿಸ್ತೀರಾ, ಅಪ್ಪಾ?"

ಹೋದ ಭಾನುವಾರದ ಸಮಿತಿ ಸಭೆಯಲ್ಲಿ, ಸ್ಥಳೀಯ ಗಾಯಕರ ಸಂಭಾವನೆಗೆಂದು ಆಯವ್ಯಯದಲ್ಲಿ ಒಂದು ಸಾಲು ಸೇರಿಸಲು ಕೋರಿದೆ. ಎಷ್ಟು ಬರೆಯಲಿ ಎಂದರು ಖಜಾಂಚಿಯವರು. ಅವಳ ದರ ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದೆ.