ನಾಲ್ಕು ಮೊಳದ ನೋಟ

ನೆಲ ಸ್ಪಷ್ಟವಾಗಿ ಕಾಣುವಷ್ಟು ಬೆಳಕು ಹರಿದ ಮೇಲೆಯೇ ಮನೆಯಿಂದ ಹೊರಡುವುದು ನನ್ನ ಅನೇಕ ವರ್ಷಗಳ ಪರಿಪಾಠ. ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ನಮ್ಮ ಮನೆಯಿಂದ ಚಿಕ್ಕಪೇಟೆಯ ಪಾರ್ಶ್ವನಾಥ ಜಿನಮಂದಿರದವರೆಗೆ ನಡೆದು, ದರ್ಶನ ಮಾಡಿಕೊಂಡು ಹಿಂದಿರುಗುತ್ತೇನೆ. ವೈದ್ಯರು ವಿಧಿಸಿದ್ದು ವಾಯುವಿಹಾರ. ನಾನು ಅದಕ್ಕೆ ಧರ್ಮದ ಹೆಸರನ್ನು ಕೊಟ್ಟುಕೊಂಡಿದ್ದೇನೆ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಗೂ ಬಾಧೆಯಾಗದಂತೆ ಹೆಜ್ಜೆಯಿಡಬೇಕೆಂಬುದು ಅದರ ಸಾರ. ಮಹಾವ್ರತಿಗಳ ಆ ನಿಯಮವನ್ನು ಗೃಹಸ್ಥನು ಪೂರ್ಣವಾಗಿ ಪಾಲಿಸಲಾರನಾದರೂ ಅಭ್ಯಾಸವನ್ನಾದರೂ ಮಾಡಬಹುದಲ್ಲವೆ?

ಉಪ್ಪಾರಹಳ್ಳಿಯ ಹೆಸರಿನಲ್ಲಿಯೇ ದುಡಿಮೆಯಿದೆ. ಉಪ್ಪಾರರು ಹಿಂದೆ ಉಪ್ಪುಮಣ್ಣಿನಿಂದ ಉಪ್ಪನ್ನು ತೆಗೆಯುತ್ತಿದ್ದವರು. ಅನಂತರ ಮಣ್ಣಿನ ಕೆಲಸ, ಕಟ್ಟಡದ ಕೆಲಸಗಳಿಂದ ಊರುಗಳನ್ನು ಕಟ್ಟಿದವರು. ಈ ಹಳ್ಳಿ ಈಗ ನಗರದೊಳಗೆ ಸೇರಿಹೋಗಿದೆ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲುದಾರಿಯನ್ನು ಮೇಲ್ಸೇತುವೆಯ ಮೇಲೆ ದಾಟಿ, ಬಿ.ಎಚ್. ರಸ್ತೆಯನ್ನು ಹಾದು ಹಳೆಯ ಪೇಟೆಯ ಕಡೆಗೆ ತಿರುಗಿದರೆ ರಸ್ತೆಗಳು ಕಿರಿದಾಗುತ್ತವೆ. ಆ ಹೊತ್ತಿನಲ್ಲಿ ಅಂಗಡಿಗಳು ತೆರೆದಿರುವುದಿಲ್ಲ. ಪೌರಕಾರ್ಮಿಕರ ಪೊರಕೆಯ ಸದ್ದು, ಹೂವಿನವರ ಬುಟ್ಟಿಗಳು, ಅಲ್ಲೊಂದು ಇಲ್ಲೊಂದು ಉಳಿದಿರುವ ಹೆಂಚಿನ ಮನೆಗಳ ಜಗಲಿಗಳು. ವ್ಯಾಪಾರದ ಗದ್ದಲವಿಲ್ಲದ ಪೇಟೆಯು ಮನುಷ್ಯನಿಗೆ ತನ್ನ ಹಳೆಯ ಲೆಕ್ಕಗಳನ್ನು ನೆನಪಿಸುತ್ತದೆ.

ಮಂಡಿಪೇಟೆಗೆ ಬಂದಾಗ ನನ್ನ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಇಲ್ಲಿ ನಮ್ಮ ಅಂಗಡಿಯಿತ್ತು. ರಾಗಿ, ಅವರೆ, ಹುಣಸೆಹಣ್ಣಿನ ಸಗಟು ವ್ಯಾಪಾರ. 1982ರಲ್ಲಿ ಬಿ.ಕಾಂ. ಮುಗಿಸಿ ನಾನು ಗಲ್ಲಾದ ಮೇಲೆ ಕುಳಿತಾಗ, ಪುಸ್ತಕದಲ್ಲಿ ಓದಿದ್ದನ್ನೆಲ್ಲ ಪ್ರಯೋಗಿಸುವ ಉತ್ಸಾಹ. ಹಮಾಲಿಗಳಿಗೆ ಕೂಲಿಯನ್ನು ಚೀಲದ ಲೆಕ್ಕದಲ್ಲಿ ಕೊಡುತ್ತಿದ್ದೆವೇ ಹೊರತು ತೂಕದ ಲೆಕ್ಕದಲ್ಲಿ ಅಲ್ಲ. ಹತ್ತು ಕ್ವಿಂಟಲ್ ಧಾನ್ಯವನ್ನು ಐವತ್ತು ಕಿಲೋ ಚೀಲಗಳಲ್ಲಿ ತುಂಬಿದರೆ ಇಪ್ಪತ್ತು ಚೀಲದ ಕೂಲಿ. ನೂರು ಕಿಲೋ ಚೀಲಗಳಲ್ಲಿ ತುಂಬಿದರೆ ಹತ್ತೇ ಚೀಲದ ಕೂಲಿ. ಎಲ್ಲವನ್ನೂ ನೂರು ಕಿಲೋ ಚೀಲಗಳಿಗೆ ತುಂಬಿಸಿದೆ. ವರ್ಷಾಂತ್ಯದಲ್ಲಿ ಹಮಾಲಿಯ ಖರ್ಚು ಗಣನೀಯವಾಗಿ ಇಳಿದಿರುವುದನ್ನು ಹೆಮ್ಮೆಯಿಂದ ತೀರ್ಥರೂಪರ ಮುಂದಿಟ್ಟೆ. ಅವರು ಖಾತೆಯನ್ನು ಬಹಳ ಹೊತ್ತು ನೋಡಿ, “ಲೆಕ್ಕ ಸರಿಯಾಗಿದೆ ಮಗು. ಆದರೆ ಈ ಉಳಿತಾಯ ಯಾರಿಂದ ಬಂತು ಅಂತ ಎಲ್ಲೂ ಬರೆದಿಲ್ಲವಲ್ಲ” ಎಂದರು. ಪ್ರತಿಯೊಂದು ಜಮೆಗೂ ಎದುರಾಗಿ ಒಂದು ಖರ್ಚು ಇರಲೇಬೇಕೆಂದು ಪರೀಕ್ಷೆಯಲ್ಲಿ ಬರೆದು ಬಂದವನಿಗೆ ಆ ಮಾತು ಅರ್ಥವಾಗಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿದ ಹೊರೆಯನ್ನು ಹೊರಿಸುವುದು, ಅನ್ನನೀರನ್ನು ತಡೆಯುವುದು. ಇದನ್ನು ಬಾಲ್ಯದಿಂದಲೂ ಬಾಯಿಪಾಠ ಮಾಡಿದ್ದೆ. ‘ಹೊರೆ’ ಎಂದಾಗಲೆಲ್ಲ ಎತ್ತು, ಕತ್ತೆಗಳೇ ಕಣ್ಮುಂದೆ ಬರುತ್ತಿದ್ದವು. ನಮ್ಮ ಅಂಗಡಿಯ ಮೆಟ್ಟಿಲನ್ನು ದಿನಕ್ಕೆ ಎಷ್ಟೋ ಸಲ ಹತ್ತಿಳಿಯುತ್ತಿದ್ದ ಮನುಷ್ಯನು ಕಾಣಲಿಲ್ಲ. ರಾತ್ರಿಭೋಜನ ಮಾಡದವನು, ನೀರನ್ನು ಸೋಸಿ ಕುಡಿಯುವವನು, ಇರುವೆಯನ್ನು ದಾಟಿ ನಡೆಯುವವನು ನಾನು!

ವಯಸ್ಕ ಪುರುಷನ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಶಿಫಾರಸು ಮಾಡಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆದರೆ ಜಿನೀವಾದವರೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಹಿರಿಯರು ಹಳೆಯ ದಾರಿಗಳ ಪಕ್ಕದಲ್ಲಿ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಕಲ್ಲು ಹಾಸಿ, ದಾರಿಹೋಕರು ಇನ್ನೊಬ್ಬರ ನೆರವಿಲ್ಲದೆ ಹೊರೆಯಿಳಿಸಿ ವಿಶ್ರಮಿಸಲು ಅನುಕೂಲ ಮಾಡಿದ್ದರು. ಅವರು ಅರಿತಿದ್ದ ಧರ್ಮವನ್ನು ಪದವೀಧರನಾದ ನಾನು ಅರಿಯಲಿಲ್ಲ.

ನಮ್ಮಲ್ಲಿ ದುಡಿಯುತ್ತಿದ್ದ ಹಮಾಲಿಯೊಬ್ಬರಿಗೆ ನಲವತ್ತೈದು ದಾಟುವ ಮುನ್ನವೇ ಸೊಂಟ ಬಿದ್ದಿತು. ಚಿಕಿತ್ಸೆಗೆಂದು ಒಂದಿಷ್ಟು ಹಣ ಕೊಟ್ಟು, ಅದನ್ನು ಧರ್ಮದ ಖಾತೆಗೆ ಬರೆದೆ. ಆ ಒಂದು ಬರಹವೇ ಇಂದಿಗೂ ನನ್ನನ್ನು ಚುಚ್ಚುತ್ತಿರುವುದು. ದಾನವೆಂದರೆ ನಮ್ಮದನ್ನು ಕೊಡುವುದು. ಆ ಹಣ ನನ್ನದಾಗಿತ್ತೆ? ಅರ್ಧ ಕೂಲಿಗೆ ಪೂರ್ಣ ಹೊರೆ ಹೊತ್ತವರ ಬಾಕಿಯ ಅಲ್ಪಾಂಶ ಅದು. ಸಾಲದ ಖಾತೆಯಲ್ಲಿ ಬರೆಯಬೇಕಾದುದನ್ನು ಧರ್ಮದ ಖಾತೆಯಲ್ಲಿ ಬರೆದು, ಪುಣ್ಯವನ್ನೂ ನಾನೇ ಜಮೆ ಮಾಡಿಕೊಂಡಿದ್ದೆ.

ಅವರೀಗ ಉಪ್ಪಾರಹಳ್ಳಿಯಲ್ಲಿಯೇ ಮಗನ ಮನೆಯಲ್ಲಿದ್ದಾರೆ. ದರ್ಶನ ಮುಗಿಸಿ ಹಿಂದಿರುಗುವಾಗ ಜಗಲಿಯ ಮೇಲೆ ಎಳೆಬಿಸಿಲಿಗೆ ಬೆನ್ನೊಡ್ಡಿ ಕುಳಿತಿರುತ್ತಾರೆ. “ಏನ್ ಸಾವ್ಕಾರ್ರೇ, ಇವತ್ತು ತಡವಾಯ್ತಲ್ಲ” ಎಂದು ಅವರೇ ಮೊದಲು ಮಾತನಾಡಿಸುತ್ತಾರೆ. ಒಂದು ದಿನ ಧೈರ್ಯ ಮಾಡಿ ಪಕ್ಕದಲ್ಲಿ ಕುಳಿತು ನೂರು ಕಿಲೋ ಚೀಲದ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಅವರು ನಕ್ಕು, “ಹೊತ್ತವನಿಗೆ ಗೊತ್ತಿರಲ್ವಾ ಅದು? ನೀವು ಹೇಳ್ಬೇಕಾ?” ಎಂದರು. ಕ್ಷಮಾವಾಣಿಯ ದಿನ ವರ್ಷವರ್ಷವೂ ನಾನು ಎಷ್ಟೋ ಬಂಧುಗಳಿಗೆ ಕೈಮುಗಿದು ಕ್ಷಮೆ ಕೋರಿದ್ದುಂಟು. ಕೋರಬೇಕಾಗಿದ್ದವರ ಮನೆ ನನ್ನ ದಾರಿಯಲ್ಲಿಯೇ ಇತ್ತು. ಈಗ ತಿಂಗಳಿಗೊಮ್ಮೆ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತಿದ್ದೇನೆ. ಖಾತೆಯಲ್ಲಿ ‘ಬಾಕಿ ಪಾವತಿ’ ಎಂದೇ ಬರೆಯುತ್ತೇನೆ. ಆ ಬಾಕಿ ನನ್ನ ಜೀವಮಾನದಲ್ಲಿ ತೀರುವಂಥದ್ದಲ್ಲ.

ತುಮಕೂರಿಗೆ ಸಮೀಪದ ಮಂದರಗಿರಿಯಲ್ಲಿ ಪಿಂಛಿಯ ಆಕಾರದ 81 ಅಡಿ ಎತ್ತರದ ಗುರುಮಂದಿರವನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಮುನಿಗಳು ಕುಳಿತುಕೊಳ್ಳುವ ಮುನ್ನ ಸೂಕ್ಷ್ಮಜೀವಿಗಳನ್ನು ಮೃದುವಾಗಿ ಸರಿಸುವ ಸಾಧನ ಅದು. ಅಂಥ ಮಂದಿರಗಳನ್ನು ಕಟ್ಟುವ, ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸುವ ಟ್ರಸ್ಟುಗಳ ಬಂಧುಗಳಲ್ಲಿ ನನ್ನದೊಂದು ವಿನಂತಿ. ಕಲ್ಲು, ಸಿಮೆಂಟು, ಅಕ್ಕಿಯ ಚೀಲಗಳು ನಮ್ಮ ಅಂಗಳಕ್ಕೆ ಬಂದಾಗ, ಅವುಗಳ ಕೆಳಗಿರುವ ಬೆನ್ನನ್ನು ಒಮ್ಮೆ ನೋಡೋಣ. ನಾಲ್ಕು ಮೊಳದ ನೋಟದಲ್ಲಿ ಇರುವೆಯಂತೆ ಮನುಷ್ಯನೂ ಕಾಣಲಿ.