ಎರಡು ಇಂಚಿನ ಹೊಸ್ತಿಲು

ಉಮ್ಮ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾರೆಂದು ಮೊದಲು ಗಮನಿಸಿದ್ದು ನನ್ನ ಮಡದಿ. "ಬೆಳಿಗ್ಗೆ ತುಂಬಿಸಿಟ್ಟ ಚೊಂಬು ಸಂಜೆಯಾದರೂ ಹಾಗೆಯೇ ಇರುತ್ತದೆ" ಎಂದಳು. ನಾನು ಕೇಳಿದಾಗ ಉಮ್ಮ, "ಬಾಯಾರಿಕೆಯಿಲ್ಲ ಮಗನೇ" ಎಂದು ಮಾತು ಮುಗಿಸಿದರು. ನಿಜ ಹೊರಬಂದದ್ದು ಮೊಮ್ಮಗಳ ಬಳಿ. ಪ್ರತಿ ಸಲ ಬಚ್ಚಲಿಗೆ ಹೋಗಬೇಕಾದರೂ ಇಬ್ಬರು ಬಂದು ವೀಲ್‌ಚೇರನ್ನು ಎತ್ತಿ ಹೊಸ್ತಿಲು ದಾಟಿಸಬೇಕು. ಮಕ್ಕಳ ಓದು ಕೆಡುತ್ತದೆ, ಸೊಸೆಯ ಬೆನ್ನು ನೋಯುತ್ತದೆ. ನೀರು ಕುಡಿಯದಿದ್ದರೆ ಯಾರಿಗೂ ತೊಂದರೆಯಿಲ್ಲವಲ್ಲ!

ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಉಮ್ಮನಿಗೆ ವೀಲ್‌ಚೇರೇ ಗತಿಯಾಗಿತ್ತು. ಕೈಯಲ್ಲಿ ಬಲವಿದೆ. ಸಮತಟ್ಟಾದ ನೆಲದಲ್ಲಿ ತಾವೇ ಚಕ್ರ ತಿರುಗಿಸಿಕೊಂಡು ಹೋಗುತ್ತಾರೆ. ಆದರೆ ನಮ್ಮದು ಹಳೆಯ ಮನೆ. ಅವರ ಕೋಣೆಯ ಬಾಗಿಲಲ್ಲಿ ಎರಡು ಇಂಚಿನ ಮರದ ಹೊಸ್ತಿಲು.

ತಂದೆತಾಯಿಗೆ 'ಉಫ್' ಎಂದು ಕೂಡಾ ಹೇಳಬಾರದೆಂಬ ಕುರ್‌ಆನಿನ ಆದೇಶವನ್ನು ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಾ ಬಂದವನು. ನಾನು ಉಫ್ ಎನ್ನಲಿಲ್ಲ, ನಿಜ. ಆದರೆ ವೀಲ್‌ಚೇರ್ ಎತ್ತಿ ಇಳಿಸಿದಾಗ ನನ್ನ ಬಾಯಿಂದ ಹೊರಡುತ್ತಿದ್ದ ದೀರ್ಘ ಉಸಿರನ್ನು ಉಮ್ಮ ಏನೆಂದು ತಿಳಿದರೋ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಸ್ತಿಲನ್ನು ಕಿತ್ತರೆ ಹಳೆಯ ಚೌಕಟ್ಟು ಸಡಿಲವಾಗುವ ಭಯವಿತ್ತು. ಎರಡೂ ಬದಿಗೆ ಇಳಿಜಾರು ಹಲಗೆ ಹಾಕುವುದೇ ದಾರಿ. ನೆರೆಯ ಆಚಾರಿಯವರಲ್ಲಿ ಹೇಳಿದೆ. ಅವರ ಕೈಯಲ್ಲಿ ಒಂದು ಹೊಸ ಮನೆಯ ಕೆಲಸವಿತ್ತು. "ಹದಿನೈದು ದಿನ ಬಿಟ್ಟು ನೋಡೋಣ ಮಾಷ್ಟ್ರೇ" ಎಂದರು. ನನಗೆ ಸ್ವಲ್ಪ ಸಿಟ್ಟು ಬಂತು. ಸಣ್ಣ ಕೆಲಸವೆಂದು ತಾತ್ಸಾರವೇ ಎಂದುಕೊಂಡೆ.

ಆಗ ನೆನಪಾದದ್ದು ಮಡದಿಯ ಅಣ್ಣ ಸೌದಿಯಿಂದ ತಂದಿಟ್ಟಿದ್ದ ಯಂತ್ರ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಸರ್ಕ್ಯುಲರ್ ಗರಗಸ. ಬರುವಾಗ ಗರಗಸವನ್ನು ಲಗೇಜಿನಲ್ಲೂ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೂ ಇಟ್ಟು ತಂದಿದ್ದರು. ವಿಮಾನದ ನಿಯಮವೇ ಹಾಗಂತೆ. ರಜೆ ಮುಗಿದು ಹೋಗುವಾಗ ನಮ್ಮ ಕಪಾಟಿನಲ್ಲಿ ಬಿಟ್ಟುಹೋಗಿದ್ದರು. 12 ವೋಲ್ಟಿನ ಬ್ಯಾಟರಿ, 85 ಮಿಲಿಮೀಟರ್ ಅಗಲದ ಬ್ಲೇಡ್. ಇಂತಹ ಗರಗಸ ಸುಮಾರು 25 ಮಿಲಿಮೀಟರ್, ಅಂದರೆ ಒಂದು ಇಂಚಿನ ದಪ್ಪದವರೆಗೆ ಕೊಯ್ಯುತ್ತದೆ. ಹಲಸಿನ ತೊಲೆಗೋ ಪಕ್ಕಾಸಿಗೋ ಅದು ಸಾಲದು. ಪ್ಲೈವುಡ್, ಕಪಾಟಿನ ಹಲಗೆ, ತೆಳು ಪಟ್ಟಿಗಳಿಗೆ ಧಾರಾಳ ಸಾಕು. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಕರೆಂಟಿನ ತಂತಿ ಕಾಲಿಗೆ ತೊಡರುವುದಿಲ್ಲ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಇಷ್ಟು ಚಿಕ್ಕ ಯಂತ್ರಕ್ಕೆ ಇಷ್ಟೇಕೆ ಭಯ ಎಂದುಕೊಂಡದ್ದೇ ನನ್ನ ಮೊದಲ ತಪ್ಪು. ಶುಕ್ರವಾರ ಜುಮಾ ಮುಗಿಸಿ ಬಂದವನು ಉಟ್ಟ ಜುಬ್ಬಾದಲ್ಲೇ ಅಂಗಳಕ್ಕಿಳಿದೆ. ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಪ್ಲೈವುಡ್ ಅಡ್ಡವಿಟ್ಟು, ಬಿಸ್ಮಿಲ್ಲಾಹ್ ಎಂದು ನಟ್ಟನಡುವೆ ಕೊಯ್ಯತೊಡಗಿದೆ. ಬ್ಲೇಡಿನ ಗಾರ್ಡ್ ಅಡ್ಡ ಬರುತ್ತದೆಂದು ಅದನ್ನು ದಾರದಿಂದ ಮೇಲಕ್ಕೆ ಕಟ್ಟಿಬಿಡೋಣವೆಂದು ಯೋಚಿಸಿದ್ದೆ. ದಾರ ಕೈಗೆ ಸಿಗಲಿಲ್ಲ. ಅಲ್ಲಾಹನು ಕಾಪಾಡಿದ!

ಅರ್ಧ ಕೊಯ್ಯುವಷ್ಟರಲ್ಲಿ ಹಲಗೆ ನಡುವೆ ಬಾಗಿತು. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯಿತು. ಮರುಕ್ಷಣ ಯಂತ್ರ ಹಿಂದಕ್ಕೆ ಒದೆದು ನನ್ನ ಮೈಮೇಲೆ ಬಂತು. ಜುಬ್ಬಾದ ಮುಂಭಾಗ ಒಂದು ಗೇಣಿನಷ್ಟು ಹರಿಯಿತು. ತೊಡೆಯ ಮೇಲೆ ತರಚಿದ ಗೆರೆ ಮಾತ್ರ. ಗಾರ್ಡ್ ತನ್ನಷ್ಟಕ್ಕೆ ಮುಚ್ಚಿಕೊಂಡಿತ್ತು.

ಸದ್ದು ಕೇಳಿ ಉಮ್ಮ ಒಳಗಿನಿಂದ ಕೂಗಿದರು. ನಾನು ಕಿಟಕಿಯ ಬಳಿ ಹೋಗಿ "ಏನೂ ಆಗಿಲ್ಲ ಉಮ್ಮಾ" ಎಂದೆ. "ಎರಡೂ ಕೈ ತೋರಿಸು. ಬೆರಳು ಎಣಿಸು" ಎಂದರು. ನಲ್ವತ್ತು ದಾಟಿದ ನಾನು ಕಿಟಕಿಯ ಹೊರಗೆ ನಿಂತು ಹತ್ತು ಬೆರಳನ್ನೂ ಎಣಿಸಿ ತೋರಿಸಿದೆ. ಅವರು ಕಣ್ಣೊರೆಸಿಕೊಂಡರು. ಅವರಿಗಾಗಿ ಮಾಡುವ ಕೆಲಸದಲ್ಲಿ ನನ್ನ ಒಂದು ಬೆರಳು ಹೋಗಿದ್ದರೆ, ಬದುಕಿರುವಷ್ಟು ಕಾಲ ಅವರು ಮತ್ತೆ ಏನನ್ನೂ ಕೇಳುತ್ತಿರಲಿಲ್ಲ. ನೀರನ್ನು ಕೂಡಾ! ದೇಹ ಅಲ್ಲಾಹನು ಕೊಟ್ಟ ಅಮಾನತ್ತು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಆ ಅಮಾನತ್ತಿನಲ್ಲಿ ನಮ್ಮ ಮನೆಯವರ ಪಾಲೂ ಇದೆಯೆಂದು ನನಗೆ ಅಂದು ತಿಳಿಯಿತು.

ಸಂಜೆ ಕೆಲಸ ಬಿಟ್ಟು ಬರುತ್ತಿದ್ದ ಆಚಾರಿಯವರು ಗೇಟಿನ ಬಳಿ ನಿಂತು, ಹರಿದ ಜುಬ್ಬಾವನ್ನೂ ಅರ್ಧ ಕೊಯ್ದ ಹಲಗೆಯನ್ನೂ ನೋಡಿದರು. ನಗಲಿಲ್ಲ. "ಮಾಷ್ಟ್ರೇ, ಗರಗಸ ಓಡಿಸಲು ಯಾರಿಗೂ ಬರುತ್ತದೆ. ಹಲಗೆಗೆ ಆಧಾರ ಕೊಡಲು ಕಲಿಯಬೇಕು" ಎಂದರು. ಉಮ್ಮನ ನೀರಿನ ವಿಷಯ ಹೇಳಿದಾಗ ಅವರ ಮುಖ ಸಪ್ಪೆಯಾಯಿತು. "ಇದನ್ನು ಅಂದೇ ಹೇಳಬೇಕಿತ್ತು" ಎಂದರು. ಹೌದು, ನಾನು ಹಲಗೆಯ ಅಳತೆ ಮಾತ್ರ ಹೇಳಿದ್ದೆ.

ಮರುದಿನ ಬೆಳಿಗ್ಗೆ ಬಂದರು. ಆದರೆ ಗರಗಸವನ್ನು ನನ್ನ ಕೈಯಲ್ಲೇ ಕೊಟ್ಟು ಪಕ್ಕದಲ್ಲಿ ನಿಂತರು. ಅವರು ಕಲಿಸಿದ್ದನ್ನು ಓದುಗರಿಗೂ ಹೇಳುವೆ. ನಿಮ್ಮ ಮನೆಯಲ್ಲೂ ಇಂತಹ ಯಂತ್ರವಿರಬಹುದು.

ಸಡಿಲ ತೋಳಿನ ಬಟ್ಟೆ, ಜೋತು ಬೀಳುವ ಶಾಲು ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಬ್ಲೇಡ್ ಬದಲಿಸುವಾಗ, ಆಳ ಸರಿಪಡಿಸುವಾಗ ಬ್ಯಾಟರಿ ಕಳಚಿಡಿ. ಬ್ಲೇಡ್ ಹಲಗೆಯ ದಪ್ಪಕ್ಕಿಂತ ಒಂದು ಹಲ್ಲಿನಷ್ಟು ಮಾತ್ರ ಕೆಳಗಿಳಿದರೆ ಸಾಕು. ಹಲಗೆಯನ್ನು ಗಟ್ಟಿ ಮೇಜಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಕೊಯ್ದ ತುಂಡು ಹೊರಬದಿಗೆ ಸಲೀಸಾಗಿ ಕಳಚಿ ಬೀಳುವಂತಿರಲಿ, ಆಗ ಬ್ಲೇಡ್ ಸಿಕ್ಕಿಕೊಳ್ಳದು. ಬ್ಲೇಡ್ ಪೂರ್ಣ ವೇಗಕ್ಕೆ ಬಂದ ಮೇಲೆಯೇ ಮರಕ್ಕೆ ತಾಗಿಸಿ. ಅದರ ನೇರಕ್ಕೆ ನಿಲ್ಲದೆ ಸ್ವಲ್ಪ ಬದಿಗೆ ನಿಲ್ಲಿ. ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಎಂದೂ ಕೊಯ್ಯಬೇಡಿ. ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುವುದರಿಂದ ಪ್ಲೈವುಡ್ಡಿನ ಮೇಲ್ಮೈ ಸೀಳುತ್ತದೆ. ಆದುದರಿಂದ ಅಂದದ ಬದಿ ಕೆಳಗಿರಲಿ. ಗಾರ್ಡನ್ನು ಮಾತ್ರ ಯಾವ ಕಾರಣಕ್ಕೂ ಕಟ್ಟಬೇಡಿ.

ಅಳತೆಯಲ್ಲೂ ನಾನು ಎಡವಿದ್ದೆ. ವೀಲ್‌ಚೇರಿನ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಎಂಬ ಲೆಕ್ಕವಿದೆ. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ. ಹಾಗಾಗಿ ನಮ್ಮ ಎರಡು ಇಂಚಿಗೆ 24 ಇಂಚು. ಇದು ನನಗೆ ತಿಳಿದಿತ್ತು. ಆದರೆ ಮೇಲೆ ಹಾಸುವ ಹಲಗೆಗೂ ದಪ್ಪವಿದೆಯೆಂಬುದನ್ನು ಮರೆತಿದ್ದೆ. ಹೊಸ್ತಿಲು ಸುಮಾರು 50 ಮಿಲಿಮೀಟರ್. ಮೇಲಿನ ಪ್ಲೈವುಡ್ 12 ಮಿಲಿಮೀಟರ್. ಹಾಗಾದರೆ ಕೆಳಗಿನ ಆಧಾರಪಟ್ಟಿಗಳ ಎತ್ತರ 38 ಮಾತ್ರ ಇರಬೇಕು. ಇಲ್ಲದಿದ್ದರೆ ಹೊಸ್ತಿಲಿನ ಮೇಲೆ ಇನ್ನೊಂದು ಹೊಸ್ತಿಲು! ಆಧಾರಪಟ್ಟಿಗಳನ್ನು 18 ಮಿಲಿಮೀಟರ್ ಪ್ಲೈವುಡ್ಡಿನಿಂದ ಓರೆಯಾಗಿ ಕೊಯ್ದೆವು. ಗರಗಸದ ತಳವನ್ನು ವಾಲಿಸಿ ಮೇಲಿನ ಹಲಗೆಯ ತುದಿಯನ್ನು ಇಳಿಜಾರಾಗಿ ಕತ್ತರಿಸಿದೆವು. ಸ್ಕ್ರೂ ಬಿಗಿದು, ಜಾರದಂತೆ ರಬ್ಬರ್ ಮ್ಯಾಟ್ ಅಂಟಿಸಿದೆವು. ಬಾಗಿಲು ಹಲಗೆಗೆ ತಾಗುತ್ತಿತ್ತು. ಉಮ್ಮನ ಒಪ್ಪಿಗೆ ಪಡೆದು ಅದನ್ನು ಕಳಚಿ ದಪ್ಪ ಪರದೆ ಹಾಕಿದೆವು.

ಆಚಾರಿಯವರು ಕೂಲಿ ಮುಟ್ಟಲಿಲ್ಲ. ಉಮ್ಮ ಕೊಡಿಸಿದ ಚಹಾ ಕುಡಿದು ಹೊರಟರು. ಪ್ರವಾದಿ ಝಕರಿಯ್ಯಾ(ಅ)ರವರು ಬಡಗಿಯಾಗಿದ್ದರೆಂದು ಹದೀಸಿನಲ್ಲಿದೆ. ಮದೀನಾದ ಮಸೀದಿಯಲ್ಲಿ ಪ್ರವಾದಿ(ಸ)ರವರಿಗೆ ಮಿಂಬರ್ ಮಾಡಿಕೊಟ್ಟದ್ದು ಒಬ್ಬ ಬಡಗಿ ಗುಲಾಮ. ಇವನ್ನೆಲ್ಲ ನಾನು ಪಾಠದಲ್ಲಿ ಹೇಳಿದ್ದೇನೆ. ಬಡಗಿಯ ಮುಂದೆ ಶಿಷ್ಯನಾಗಿ ನಿಂತದ್ದು ಇದೇ ಮೊದಲು.

ನಮ್ಮ ಹಲಗೆಯ ಒಂದು ಅಂಚು ಈಗಲೂ ಸೊಟ್ಟಗಿದೆ. ಅದು ಮೊದಲ ದಿನದ ನನ್ನ ಕೊಯ್ತ. ಆ ರಾತ್ರಿ ಸುಬ್‌ಹಿಗೆ ಇನ್ನೂ ಸಮಯವಿರುವಾಗ ಎಚ್ಚರವಾಯಿತು. ರಬ್ಬರಿನ ಮೇಲೆ ಚಕ್ರ ಉರುಳುವ ಸದ್ದು. ಎದ್ದು ಹೋಗಬೇಕೆನಿಸಿತು. ಮಡದಿ ನನ್ನ ಕೈಹಿಡಿದು ಕೂರಿಸಿದಳು. ಬಚ್ಚಲಲ್ಲಿ ನೀರಿನ ಸದ್ದು ಕೇಳಿಸಿತು. ಉಮ್ಮ ಯಾರನ್ನೂ ಕರೆಯದೆ ವುಝೂ ಮಾಡುತ್ತಿದ್ದರು.

ಬೆಳಿಗ್ಗೆ ಚೊಂಬು ಖಾಲಿಯಾಗಿತ್ತು.

ನಿಮ್ಮ ಮನೆಯ ಹಿರಿಯರು ಏನನ್ನು ಕೇಳುತ್ತಾರೆಂದು ನೋಡಿದರೆ ಸಾಲದು. ಏನನ್ನು ಕೇಳುವುದನ್ನು ಬಿಟ್ಟಿದ್ದಾರೆಂದು ಒಮ್ಮೆ ನೋಡಿ. ಎಲ್ಲಿಯೋ ಒಂದು ಎರಡು ಇಂಚಿನ ಹೊಸ್ತಿಲಿರಬಹುದು.