ಭಾಷೆ ಕೊರಿಯಾದ್ದು, ಕಣ್ಣೀರು ನಮ್ಮದೇ!

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ, ಮಕ್ಕಳು ಶಾಲೆಯಿಂದ ಬರುವವರೆಗೆ ಒಂದೆರಡು ಗಂಟೆ ಸಿಗುತ್ತದಲ್ಲ, ಗೃಹಿಣಿಗೆ ಅದೇ ಸ್ವಂತ ಆಸ್ತಿ. ಕೆಲವರು ಮಲಗುತ್ತಾರೆ, ಕೆಲವರು ಮುಗಿಯದ ಧಾರಾವಾಹಿಗೆ ಅದನ್ನು ಒಪ್ಪಿಸಿಬಿಡುತ್ತಾರೆ. ನಾನು ಈಗ ಎರಡು ವರ್ಷದಿಂದ ಅದನ್ನು ಕೊರಿಯಾ ದೇಶದ ಚಲನಚಿತ್ರಗಳಿಗೆ ಮೀಸಲಿಟ್ಟಿದ್ದೇನೆ. ‘ಕೋಲಾರದ ಹೆಂಗಸಿಗೆ ಕೊರಿಯಾ ಸಿನಿಮಾನೇ?’ ಅಂತ ನಗಬೇಡಿ ಸೋದರಿಯರೇ. ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ನೀವೇ ನೋಡಿ ಹೇಳಿ.

ನಮ್ಮ ಕಡೆಯವರಿಗೆ ಪರಭಾಷಾ ಚಿತ್ರ ಹೊಸದೇನಲ್ಲ. ಶ್ರೀನಿವಾಸಪುರ, ಮುಳಬಾಗಿಲು ಅಂದರೆ ಆಂಧ್ರದ ಗಡಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಮಾಲೂರಿನಿಂದ ಹೊಸೂರಿನ ಕಡೆ ಹೊರಟರೆ ತಮಿಳು. ಹೀಗೆ ಮೂರು ಭಾಷೆಯಲ್ಲಿ ಅತ್ತು ನಕ್ಕು ಬೆಳೆದವರು ನಾವು. ನನಗೆ ಕೊರಿಯಾದ ಬಾಗಿಲು ತೆರೆದದ್ದೂ ಒಂದು ತೆಲುಗು ಚಿತ್ರವೇ. 2019ರಲ್ಲಿ ಬಂದ ‘ಓ ಬೇಬಿ’ ನೋಡಿದ್ದೀರಲ್ಲ? ನಿರ್ದೇಶಕಿ ನಂದಿನಿ ರೆಡ್ಡಿ. ಎಪ್ಪತ್ತರ ಅಜ್ಜಿಯಾಗಿ ನಮ್ಮ ಲಕ್ಷ್ಮಿ, ಅದೇ ಅಜ್ಜಿ ಹರೆಯಕ್ಕೆ ಮರಳಿದಾಗ ಸಮಂತಾ! ಅದರ ಮೂಲ 2014ರ ಕೊರಿಯಾ ಚಿತ್ರ ‘ಮಿಸ್ ಗ್ರ್ಯಾನಿ’ ಎಂದು ತಿಳಿದಾಗ ಕುತೂಹಲ ತಡೆಯಲಾಗಲಿಲ್ಲ. ಮೊಮ್ಮಗನಿಗೆ ರಕ್ತ ಕೊಟ್ಟರೆ ಅಜ್ಜಿಗೆ ಸಿಕ್ಕ ಯೌವನ ಹೋಗಿಬಿಡುತ್ತದೆ. ಮಗನಿಗೆ ಗುಟ್ಟು ಗೊತ್ತಾಗಿ, ‘ನೀನು ಹೋಗಮ್ಮ, ನಿನ್ನ ಬಾಳು ನೀನು ಬಾಳು’ ಎನ್ನುತ್ತಾನೆ. ತಾಯಿ ಹೋಗುತ್ತಾಳೆಯೇ? ಅದನ್ನು ನಾನು ಹೇಳಬೇಕಾಗಿಲ್ಲ!

ಭಾಷೆ ತಿಳಿಯದೆ ನೋಡುವುದು ಹೇಗೆ ಅನ್ನುತ್ತೀರಾ? ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರಹ ಬರುತ್ತದೆ. ಹೈಸ್ಕೂಲಿನ ಇಂಗ್ಲಿಷು ಸಾಕು. ಮೊದಲ ಎರಡು ಚಿತ್ರಕ್ಕೆ ಕಣ್ಣು ಓಡುವುದಿಲ್ಲ, ಮೂರನೆಯದಕ್ಕೆ ಓದುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಕಿವಿಗೂ ನಂಟು ಸಿಗುತ್ತದೆ. ಕೊರಿಯಾದ ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದೇ ಕೂಗುತ್ತವೆ, ತಾಯಿಯನ್ನು ‘ಒಮ್ಮಾ’ ಎಂದು. ‘ನಾನು’ ಅನ್ನಲು ಅವರು ‘ನಾ’ ಅನ್ನುತ್ತಾರೆ. ನಮ್ಮಂತೆ ಕ್ರಿಯಾಪದ ವಾಕ್ಯದ ಕೊನೆಗೆ, ಹಿರಿಯರಿಗೆ ಬೇರೆಯೇ ಗೌರವದ ಮಾತು. ಇದೆಲ್ಲ ನೆಂಟಸ್ತಿಕೆಯೋ ಕಾಕತಾಳೀಯವೋ ಪಂಡಿತರಿಗೆ ಬಿಡೋಣ, ನೋಡುವ ನಮಗಂತೂ ಪರಕೀಯ ಅನ್ನಿಸುವುದಿಲ್ಲ.

ಮೊದಲು ನೋಡಬೇಕಾದದ್ದು 2002ರ ‘ದಿ ವೇ ಹೋಮ್’. ನಿರ್ದೇಶಕಿ ಲೀ ಜಿಯೊಂಗ್-ಹ್ಯಾಂಗ್. ಪಟ್ಟಣದ ತುಂಟ ಹುಡುಗನನ್ನು ತಾಯಿ ಬೆಟ್ಟದ ಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟುಹೋಗುತ್ತಾಳೆ. ಅಜ್ಜಿಗೆ ಬೆನ್ನು ಬಾಗಿದೆ, ಮಾತು ಬಾರದು. ಮೊಮ್ಮಗ ಕರಿದ ಕೋಳಿ ಬೇಕೆಂದು ಹಟ ಹಿಡಿದರೆ, ಪಾಪ, ಮಳೆಯಲ್ಲಿ ನೆನೆದು ಹೋಗಿ ಕೋಳಿ ತಂದು ಬೇಯಿಸಿಡುತ್ತಾಳೆ! ಊರಿಗೆ ಹೊರಡುವ ಹಿಂದಿನ ರಾತ್ರಿ ಆ ಹುಡುಗ, ಕಣ್ಣು ಕಾಣದ ಅಜ್ಜಿಗೆಂದು ಮನೆಯಲ್ಲಿದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿಡುತ್ತಾನೆ. ಅಜ್ಜಿಯ ಪಾತ್ರ ಮಾಡಿದ ಕಿಮ್ ಉಲ್-ಬುನ್ ಅದಕ್ಕೆ ಮೊದಲು ಎಂದೂ ನಟಿಸಿರದ ಹಳ್ಳಿಯಾಕೆ. ಅವರು 2021ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಶಿವರಾತ್ರಿಯ ಹೊತ್ತಿಗೆ ಆವಣಿಯ ದನಗಳ ಜಾತ್ರೆಗೆ ಹೋದವರಿಗೆ ‘ಓಲ್ಡ್ ಪಾರ್ಟ್ನರ್’ ಕರುಳು ಹಿಂಡುತ್ತದೆ. ಇದು ಕಟ್ಟುಕಥೆಯಲ್ಲ, ಸಾಕ್ಷ್ಯಚಿತ್ರ. 2009ರಲ್ಲಿ ಕೊರಿಯಾದ ಚಿತ್ರಮಂದಿರಗಳಿಗೆ ಬಂದಾಗ ಜನ ಮುಗಿಬಿದ್ದು ನೋಡಿದರಂತೆ. ಕುಂಟುವ ಮುದುಕ, ನಲವತ್ತು ವರ್ಷದ ಮುದಿ ಎತ್ತು. ಎತ್ತು ಮೇಯುವ ಹುಲ್ಲಿಗೆ ವಿಷ ತಗುಲಬಾರದೆಂದು ಆತ ಹೊಲಕ್ಕೆ ಔಷಧಿಯನ್ನೇ ಹೊಡೆಯುವುದಿಲ್ಲ. ಹೆಂಡತಿ ಮಾತ್ರ ಹಗಲೆಲ್ಲ ಗೊಣಗುತ್ತಾಳೆ: ನನಗಿಂತ ನಿಮಗೆ ಎತ್ತೇ ಹೆಚ್ಚಾಯಿತು ಎಂದು. ಅವಳ ಗೊಣಗಾಟದಲ್ಲಿ ನಮ್ಮ ಎಷ್ಟು ಅಜ್ಜಿಯಂದಿರ ದನಿ ಕೇಳಿಸಿತೋ!

ಕೆ.ಜಿ.ಎಫ್. ಕಡೆ ನೆಂಟರಿದ್ದವರು ‘ಓಡ್ ಟು ಮೈ ಫಾದರ್’ (2014) ನೋಡಲೇಬೇಕು. ಯುದ್ಧದಲ್ಲಿ ತಂದೆ ತಂಗಿಯನ್ನು ಕಳೆದುಕೊಂಡ ಹುಡುಗ, ಮನೆ ಸಾಕಲು ಜರ್ಮನಿಯ ಕಲ್ಲಿದ್ದಲ ಗಣಿಗೆ ಇಳಿಯುತ್ತಾನೆ. ಸಲ್ಮಾನ್ ಖಾನರ ‘ಭಾರತ್’ (2019) ಇದರದೇ ಹಿಂದಿ ರೂಪ. ಭೂಮಿಯೊಳಗೆ ಗಂಡಸರನ್ನು ಕಳಿಸಿ ಸೈರನ್ನಿಗೆ ಕಿವಿಗೊಟ್ಟು ಕೂತ ಹೆಂಗಸರ ಊರು ನಮ್ಮದು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅದೇ ಮನೆಗಳವರು ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೊರಟರು. ಮನೆಗಾಗಿ ಸವೆದವರ ಕಥೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ನನ್ನನ್ನು ರಾತ್ರಿ ನಿದ್ದೆ ಮಾಡಗೊಡದ ಚಿತ್ರದ ವಿಷಯಕ್ಕೆ ಬರುತ್ತೇನೆ. ‘ಕಿಮ್ ಜಿ-ಯಂಗ್, ಬಾರ್ನ್ 1982’. ಚೋ ನಾಮ್-ಜೂ ಎಂಬ ಲೇಖಕಿಯ 2016ರ ಕಾದಂಬರಿಯಿಂದ 2019ರಲ್ಲಿ ಬಂದದ್ದು. ಜಿ-ಯಂಗ್ ನನ್ನ ವಾರಿಗೆಯವಳೇ. ಮಗುವಾದ ಮೇಲೆ ಕೆಲಸ ಬಿಟ್ಟವಳು. ಗಂಡ ಒಳ್ಳೆಯವನೇ, ಅತ್ತೆಯೂ ರಾಕ್ಷಸಿಯಲ್ಲ. ಆದರೂ ಆ ಹೆಣ್ಣು ಒಳಗೊಳಗೇ ಕುಸಿಯುತ್ತಾಳೆ. ಹಬ್ಬಕ್ಕೆಂದು ಅತ್ತೆಮನೆಗೆ ಹೋದಾಗ ದಿನವಿಡೀ ಅಡಿಗೆಮನೆ. ಇನ್ನೇನು ತವರಿಗೆ ಹೊರಡಬೇಕು, ಅಷ್ಟರಲ್ಲಿ ನಾದಿನಿ ಬರುತ್ತಾಳೆ. ಮತ್ತೆ ಎಲೆ ಹಾಕಬೇಕು! ಆಗ ಜಿ-ಯಂಗ್ ಇದ್ದಕ್ಕಿದ್ದಂತೆ ತನ್ನ ತಾಯಿಯ ದನಿಯಲ್ಲಿ ಮಾತಾಡುತ್ತಾಳೆ: ನಿಮ್ಮ ಮಗಳು ತವರಿಗೆ ಬಂದಳಲ್ಲ ಬೀಗಿತ್ತಿ, ನನ್ನ ಮಗಳನ್ನೂ ನನ್ನ ಮನೆಗೆ ಕಳಿಸಬೇಕಲ್ಲ ಎಂಬ ಅರ್ಥದಲ್ಲಿ.

ಆ ಹೊತ್ತಿಗೆ ನಮ್ಮ ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ನಾನು ಅರ್ಥ ಹೇಳುತ್ತಾ ಹೋದೆ. ಅವರ ಕೈ ನಿಂತಿತು. ನನಗೋ ಭಯ, ಇವರು ಏನೆಂದುಕೊಂಡರೋ ಎಂದು. ನನ್ನ ತವರು ಶ್ರೀನಿವಾಸಪುರದ ಹತ್ತಿರ, ಬಸ್ಸಿಗೆ ಹೆಚ್ಚು ದೂರವಿಲ್ಲ. ಆದರೆ ಯುಗಾದಿಗೆ ನಾದಿನಿಯರು ಬರುತ್ತಾರೆ, ಮರುದಿನ ಹೊಸತೊಡಕು, ನಾನು ಹೊರಡುವುದು ಹೇಗೆ? ಮದುವೆಯಾದಾಗಿನಿಂದ ಹೀಗೇ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ, “ಆ ಹುಡುಗಿ ಹೇಳಿದ್ರಲ್ಲಿ ತಪ್ಪೇನೈತಮ್ಮ? ನಮ್ಮಮ್ಮ ಸಾಯೋ ವರ್ಷ ಹಬ್ಬಕ್ಕೆ ಕರೆಸಿದ್ಲು. ಮನೆತುಂಬ ನೆಂಟರು, ನಾ ಹೋಗಲಿಲ್ಲ” ಎಂದರು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ, ಈ ಮಾತು ನನಗೆ ಗೊತ್ತೇ ಇರಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಕಾಯಿ ಸುಲಿಯತೊಡಗಿದರು. ಮುಂದಿನ ಯುಗಾದಿಗೆ ಬೇವುಬೆಲ್ಲ ಹಂಚಿ, ಒಬ್ಬಟ್ಟಿನ ಊಟ ಮುಗಿಯುತ್ತಲೇ, “ನಾಳೆ ಸಾರು ನಿಮ್ಮ ನಾದಿನಿಯರು ಮಾಡ್ತಾರೆ, ನೀನು ಸಂಜೆ ಬಸ್ಸಿಗೆ ಹೊರಡು” ಎಂದು ಅವರೇ ಅಂದರು. ನಾದಿನಿಯರ ಮುಖ ಸ್ವಲ್ಪ ಗಂಟಾಯಿತು, ನಿಜ. ಆದರೂ ಸಾರು ಮಾಡಿದರು. ಒಂದು ಸಿನಿಮಾ ಮನೆಯನ್ನು ಬದಲಾಯಿಸುತ್ತದೆ ಎಂದು ನಾನು ಹೇಳಲಾರೆ. ಎಷ್ಟೋ ವರ್ಷ ಗಂಟಲಲ್ಲೇ ಉಳಿದ ಮಾತಿಗೆ ಒಂದು ನೆಪ ಒದಗಿಸಿತು, ಅಷ್ಟೇ.

ಕೊರಿಯಾದ ಮೊದಲ ನಿರ್ದೇಶಕಿ ಪಾರ್ಕ್ ನಾಮ್-ಓಕ್ ಅವರ ಕಥೆಯೂ ನಿಮಗೆ ತಿಳಿದಿರಲಿ. 1955ರಲ್ಲಿ ‘ದಿ ವಿಡೋ’ ಎಂಬ ವಿಧವೆಯ ಕಥೆ ತೆಗೆಯುವಾಗ ಎಳೆಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಕೆಲಸ ಮಾಡಿದರಂತೆ, ಚಿತ್ರತಂಡಕ್ಕೆ ಅಡಿಗೆಯನ್ನೂ ತಾವೇ ಮಾಡಿ ಬಡಿಸಿದರಂತೆ! ನಮ್ಮಲ್ಲಿ ಪ್ರೇಮಾ ಕಾರಂತರು ‘ಫಣಿಯಮ್ಮ’ ತೆಗೆದದ್ದು 1983ರಲ್ಲಿ. ಅದೂ ಒಬ್ಬ ವಿಧವೆಯ ಕಥೆ.

ನೋಡಲು ಹೊರಟವರಿಗೆ ಕೆಲವು ಕಿವಿಮಾತು. ಹಳೆಯ ಚಿತ್ರಗಳನ್ನು ಕೊರಿಯಾದ ಚಲನಚಿತ್ರ ಭಂಡಾರದವರೇ ಯೂಟ್ಯೂಬಿನಲ್ಲಿ ‘ಕೊರಿಯನ್ ಕ್ಲಾಸಿಕ್ ಫಿಲ್ಮ್’ ಎಂಬ ಹೆಸರಿನಡಿ ಪುಕ್ಕಟೆಯಾಗಿ, ಇಂಗ್ಲಿಷ್ ಬರಹದೊಂದಿಗೆ ಇಟ್ಟಿದ್ದಾರೆ. ಮಕ್ಕಳೊಂದಿಗೆ ಕೂತು ನೋಡಲು ‘ದಿ ವೇ ಹೋಮ್’ ಒಳ್ಳೆಯದು. ‘ಪುಷ್ಪಕ ವಿಮಾನ’ (2017) ಮೆಚ್ಚಿದವರು, ಅದರಂತೆಯೇ ಜೈಲು ಸೇರಿದ ಮುಗ್ಧ ತಂದೆಯ ಮತ್ತು ಮಗಳ ಕಥೆಯಾದ ‘ಮಿರಾಕಲ್ ಇನ್ ಸೆಲ್ ನಂಬರ್ 7’ (2013) ನೋಡಿ, ಕರವಸ್ತ್ರ ಹತ್ತಿರವಿರಲಿ. ಅಡಿಗೆಯ ಆಸಕ್ತಿಯಿದ್ದವರಿಗೆ ‘ಲಿಟಲ್ ಫಾರೆಸ್ಟ್’ (2018): ಪಟ್ಟಣ ಬಿಟ್ಟು ಹಳ್ಳಿಗೆ ಮರಳಿದ ಹುಡುಗಿ ನಾಲ್ಕು ಋತುವಿಗೂ ತಾನೇ ಬೆಳೆದದ್ದನ್ನು ಬೇಯಿಸಿ ಉಣ್ಣುತ್ತಾಳೆ. ನಾಲ್ಕು ಆಸ್ಕರ್ ಗೆದ್ದ ‘ಪ್ಯಾರಸೈಟ್’ (2019) ಅದ್ಭುತವೇ ಸರಿ, ಆದರೆ ರಕ್ತಪಾತ ಉಂಟು. ಮಕ್ಕಳು ಮಲಗಿದ ಮೇಲೆ ನೋಡಿ.

ಮತ್ತೊಂದು ಮಾತು. ಒಬ್ಬರೇ ಕೂತು ನೋಡಬೇಡಿ. ಅತ್ತೆಯನ್ನೋ ಪಕ್ಕದ ಮನೆಯಾಕೆಯನ್ನೋ ಕರೆದು ಕೂರಿಸಿಕೊಳ್ಳಿ, ಅರ್ಥ ಹೇಳುತ್ತಾ ನೋಡಿ. ಚಿತ್ರ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಅವರು ಆಡುವ ಮಾತು ಇದೆಯಲ್ಲ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.